ಗಿರಣಿ ನಿಂತ ಹೊತ್ತು

ನಾನು ಕೇಳಿದ್ದು ಒಂದು ಪೈಪು. ಹಿತ್ತಲ ಬಾಗಿಲಿನಿಂದ ಪಾಯಿಖಾನೆಯ ತನಕ ಕೈಯಲ್ಲಿ ಹಿಡಿದುಕೊಂಡು ಹೋಗಲಿಕ್ಕೆ ಒಂದು ಕಬ್ಬಿಣದ ಪೈಪು, ಅಷ್ಟೇ. ನಮ್ಮ ಯಜಮಾನರು ತಂದದ್ದು ವೆಲ್ಡಿಂಗ್ ಮಿಷನ್ನು.

ಅದು ಹುಬ್ಬಳ್ಳಿಯಿಂದ ಬಸ್ಸಿನ ನೆತ್ತಿಯ ಮೇಲೆ ಕೂತು ಬಂತು. ಇವರು ಸರ್ಕಾರಿ ಬಸ್ಸಿನ ಕಂಡಕ್ಟರು. ಕಂಡಕ್ಟರನ ಸಾಮಾನು ಅಂದಮೇಲೆ ಬಸ್ಸು ನಮ್ಮೂರು ಇಸಳೂರಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ. ಡ್ರೈವರು, ಇನ್ನಿಬ್ಬರು ಪ್ರಯಾಣಿಕರು, ಎಲ್ಲ ಸೇರಿ ಇಳಿಸಿ ನಮ್ಮ ಹಿತ್ತಲಿಗೆ ತಂದಿಟ್ಟರು. ಹಸಿರು ಬಣ್ಣದ ಡಬ್ಬಿ, ಮೇಲೊಂದು ತಿರುಗಿಸುವ ಹಿಡಿಕೆ, ಎರಡು ದಪ್ಪ ವೈರು. ಯಾವ ಕಂಪನಿಯದು ಅಂತ ಹೆಸರಿಲ್ಲ. ಹುಬ್ಬಳ್ಳಿಯ ಯಾವುದೋ ಗಲ್ಲಿಯಲ್ಲಿ ಯಾರೋ ತಂತಿ ಸುತ್ತಿ ಮಾಡಿದ್ದಂತೆ, ಬಹಳ ಸೋವಿಯಂತೆ.

"ಇದೇನ್ರಿ ಇದು?" ಅಂದೆ.

"ಮಿಷನ್ನು."

"ನಾನು ಪೈಪ್ ಕೇಳಿದ್ದೆ."

"ಪೈಪೂ ಬರ್ತಾವ. ಪೈಪಿಗೆ ಪೈಪ್ ಹಚ್ಚೋರು ಯಾರು? ಆ ನಾಗಪ್ಪನ ಬಾಗಲಾ ಕಾದು ಕಾದು ನನ್ನ ಚಪ್ಪಲಿ ಸವದ್ವು."

ಅದು ಸುಳ್ಳಲ್ಲ. ನಾಗಪ್ಪ ಅಂದರೆ ಶಿರಸಿಯಲ್ಲಿ ಗೇಟು, ಕಿಟಕಿ ಮಾಡಿಕೊಡುವವನು. ಊರ ತುಂಬ ಹೊಸ ಮನೆ ಏಳುತ್ತಿರುವಾಗ ನಮ್ಮ ಒಂದು ಪೈಪಿನ ಕೆಲಸಕ್ಕೆ ಅವನು ಇಸಳೂರಿಗೆ ಬರುತ್ತಾನೆಯೇ? "ನಾಳೆ ಬರ್ತೇನ್ರಿ ಕಂಡಕ್ಟರ್ ಸಾಹೇಬ್ರ" ಅನ್ನುತ್ತ ಗಣಪತಿ ಹಬ್ಬ ದಾಟಿಸಿದ, ನವರಾತ್ರಿಯನ್ನೂ ದಾಟಿಸಿದ. ಹಾಗಂತ ಒಂದು ಲೋಟ ಹಾಲಿಗೆ ಯಾರಾದರೂ ಎಮ್ಮೆ ಕಟ್ಟುತ್ತಾರೆಯೇ? ನಮ್ಮವರು ಕಟ್ಟುತ್ತಾರೆ. ಈ ಶಿವಪುತ್ರಪ್ಪನವರ ಜೊತೆ ಬಾಳುವೆ ಮಾಡಿದವಳು ನಾನು, ನನಗೆ ಗೊತ್ತು.

ಶ್ರಾವಣದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿ ಬಿದ್ದೆ. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಳಗೆ ಸಲಾಕಿ ಹಾಕಿ ಕೂಡಿಸಿದರು. ಮಗಳು ರಾಣೇಬೆನ್ನೂರಿನಿಂದ ಬಂದು ಇರುವಷ್ಟು ದಿನ ಇದ್ದು, ಅವಳ ಮನೆ ಅವಳಿಗಿದೆಯಲ್ಲ, ಹೋದಳು. ಡಾಕ್ಟರು, ಏನಾದರೂ ಹಿಡಿದುಕೊಂಡು ದಿನಾ ನಡೆಯಬೇಕು ಅಂದಿದ್ದರು. ಅವರು ಕೊಟ್ಟ ನಾಲ್ಕು ಕಾಲಿನ ಸ್ಟ್ಯಾಂಡು ಮನೆಯೊಳಗೆ ಸರಿ. ಹಿತ್ತಲಲ್ಲಿ ಇಳಿಜಾರು, ಮೇಲೆ ಚಿರೆಕಲ್ಲು ಹಾಸಿದ್ದು. ಅಲ್ಲಿ ಅದನ್ನು ಊರಿದರೆ ಒಂದು ಕಾಲು ನೆಲಕ್ಕೆ, ಮೂರು ಕಾಲು ಗಾಳಿಗೆ. ಪಾಯಿಖಾನೆ ಇರುವುದು ಆ ಇಳಿಜಾರಿನ ಕೊನೆಗೆ. ಲಿಂಗಪೂಜೆ ಮಾಡುವ ಮನೆಗೆ ಅಂಟಿಕೊಂಡು ಸಂಡಾಸು ಬೇಡ ಅಂತ ಮನೆ ಕಟ್ಟುವಾಗ ಹಟ ಹಿಡಿದವಳು ನಾನೇ. ಅನುಭವಿಸಬೇಕಲ್ಲ, ಅನುಭವಿಸುತ್ತಿದ್ದೆ.

ಇವರದು ಒಂದು ದಿನ ಸಿದ್ದಾಪುರ, ಒಂದು ದಿನ ಯಲ್ಲಾಪುರ, ಬೆಳಕು ಹರಿಯುವ ಮೊದಲೇ ಡ್ಯೂಟಿ. ಹೋಗುವ ಮುಂಚೆ ನನ್ನನ್ನು ತೋಳಿನಲ್ಲಿ ಹಿಡಿದು ಪಾಯಿಖಾನೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಆಮೇಲೆ ಸಂಜೆ ಬಂದ ಮೇಲೆಯೇ. ನಡುವೆ ಬೇಕಾದರೆ ಪಕ್ಕದ ಮನೆಯ ಪರಿಮಳಾ. ಕೂಗಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾಳೆ, ಸೊಂಟ ಹಿಡಿದು ಕರೆದುಕೊಂಡು ಹೋಗುತ್ತಾಳೆ, ಒಂದು ದಿನ ಮುಖ ಸಿಂಡರಿಸಿದವಳಲ್ಲ. ಆದರೆ ಅವರು ಹವ್ಯಕರು. ಅವಳ ಅತ್ತೆ ಮಡಿಯಲ್ಲಿ ಬಲು ಬಿಗಿ. ನನ್ನನ್ನು ಪಾಯಿಖಾನೆಗೆ ಮುಟ್ಟಿಸಿ ಹೋದವಳು ಮತ್ತೆ ಸ್ನಾನ ಮಾಡದೆ ಅಡುಗೆಮನೆ ಹೊಗುವಂತಿಲ್ಲ. ಇದನ್ನು ಅವಳು ನನಗೆ ಹೇಳಲಿಲ್ಲ. ಒಂದು ದಿನ ಮಧ್ಯಾಹ್ನ ಒದ್ದೆ ತಲೆಗೆ ಪಂಚೆ ಸುತ್ತಿಕೊಂಡು ಬಂದಳು, ಮರುದಿನ ಎರಡು ಸಲ ಹಾಗೇ ಬಂದಳು. ಶೀತವಾಗಿ ಕೆಮ್ಮುತ್ತಿದ್ದಳು. ಆಗ ನನಗೆ ತಿಳಿಯಿತು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ, ಅಷ್ಟು ನಾಚಿಕೆಯಾಯಿತು.

ಅಂದಿನಿಂದ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಇವರು ಹೋದಮೇಲೆ ಒಂದು ಗುಟುಕೂ ಇಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಉರಿ ಉರಿ ಆಗಿ ಜ್ವರ ಬಂತು. ಡಾಕ್ಟರು ಬೈದರು, ನೀರು ಕುಡಿಯದೆ ಇದ್ದರೆ ಇನ್ನೊಂದು ರೋಗ ಹಿಡಿಯುತ್ತದೆ ನೋಡಿ ಅಂದರು. ಹೂಂ ಅಂದೆ. ಬೈಯುವವರಿಗೇನು, ಅವರ ಆಸ್ಪತ್ರೆಯಲ್ಲಿ ಎಲ್ಲ ಒಳಗೇ ಇರುತ್ತದೆ. ನನಗೆ ಬೇಕಾಗಿದ್ದು ಯಾರನ್ನೂ ಕೂಗದೆ ಒಬ್ಬಳೇ ಹೋಗಿ ಬರುವುದು. ದೇವರ ಹತ್ತಿರ ನಾನು ಬೇರೇನೂ ಕೇಳುತ್ತಿರಲಿಲ್ಲ.

ಇರಲಿ. ಮಿಷನ್ನಿನ ಸುದ್ದಿಗೆ ಬರುತ್ತೇನೆ.

ರಜೆಯ ದಿನ ಇವರು ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು, ವೈರನ್ನು ಮೀಟರ್ ಬೋರ್ಡಿನಿಂದ ಎಳೆದು ತಂದರು. ನಾನು ಹಿತ್ತಲ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ವೈರಿನ ತುದಿಗೆ ಸಿಕ್ಕಿಸಿದ ಬೆಸುಗೆಯ ರಾಡನ್ನು ಕಬ್ಬಿಣಕ್ಕೆ ಮುಟ್ಟಿಸಿದರು. 'ಚಟ್' ಅಂತು. ಅಷ್ಟೇ. ನಮ್ಮ ಮನೆಯ ಲೈಟು ಹೋಯಿತು, ಪರಿಮಳಾಳ ಮನೆಯದು ಹೋಯಿತು, ಓಣಿಯ ತುದಿಯಲ್ಲಿ ಮಾಸ್ತಿಯ ಹಿಟ್ಟಿನ ಗಿರಣಿ ಗುರ್ರೆಂದು ನಿಂತಿತು.

ಮಾಸ್ತಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ. "ಯಾರ್ರೀ ಅದು ಕರೆಂಟ್ ತೆಗೆದವರು? ಹಬ್ಬದ ಹಿಟ್ಟು ರಾಶಿ ಬಿದ್ದದೆ ಅಲ್ಲಿ!"

"ತೆಗೀಲಿಲ್ಲೋ, ತಾನ ಹೋತು," ಅಂದರು ಇವರು.

"ತಾನಾಗಿ ಹೋಗ್ಲಿಕ್ಕೆ ಅದೇನು ಬಸ್ಸೇನ್ರಿ?"

ಲೈನ್‌ಮನ್ ಬಂದು ಫ್ಯೂಜು ಹಾಕುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅವನೂ ನಾಲ್ಕು ಮಾತು ಅಂದು, ನಮ್ಮ ಮನೆಗೆ ದಪ್ಪ ತಂತಿ ಎಳೆದು, ಹಿಡಿಕೆಯನ್ನು ಕಡಿಮೆಗೆ ಇಟ್ಟುಕೊಂಡು ಮಾಡಿ ಅಂತ ಹೇಳಿಹೋದ. ಇವರು ಮತ್ತೆ ಶುರುಮಾಡಿದರು. ಈಗ ಫ್ಯೂಜು ಹೋಗಲಿಲ್ಲ, ಆದರೆ ರಾಡು ಹೋಗಿ ಕಬ್ಬಿಣಕ್ಕೆ ಅಂಟಿಕೊಂಡುಬಿಡುತ್ತಿತ್ತು. ಎಳೆದರೆ ಬಾರದು, ಕಾಲಲ್ಲಿ ಒದೆಯಬೇಕು. ಮಿಷನ್ನಿನ ಜೊತೆ ಬಂದ ಕಪ್ಪು ಗ್ಲಾಸು ಮುಖಕ್ಕೆ ಹಿಡಿದರೆ ಏನೂ ಕಾಣುವುದಿಲ್ಲ ಅಂತ ಗ್ಲಾಸು ಸರಿಸಿ ಇಣುಕಿ ಕಿಡಿ ಹೊಡೆಯುವುದು, ಆಮೇಲೆ ಗ್ಲಾಸು ಹಿಡಿಯುವುದು. "ಕಣ್ಣು ಹೋದಾವು ನೋಡ್ರಿ" ಅಂತ ನಾನು ಬಡಿದುಕೊಂಡೆ. "ನಿಂದೊಂದು" ಅಂದರು.

ಸಂಜೆಯ ಹೊತ್ತಿಗೆ ಎರಡು ಕಣ್ಣಿಗೂ ಮರಳು ಸುರಿದ ಹಾಗಾಗಿ, ನೀರು ದಳದಳ ಸುರಿದು, ರೆಪ್ಪೆ ಬಿಚ್ಚಲಿಕ್ಕೇ ಬಾರದು. ಪರಿಮಳಾ ತನ್ನ ಹಿತ್ತಲಿನ ನಂದಿಬಟ್ಟಲ ಹೂವು ತಂದು ಕೊಟ್ಟಳು. ಅದನ್ನು ಕಣ್ಣ ಮೇಲಿಟ್ಟು, ಬಟ್ಟೆ ಕಟ್ಟಿ ಮಲಗಿಸಿದೆ. ಆದರೆ ನನ್ನ ಸಂಜೆಯ ಹೊತ್ತು ಬಂತಲ್ಲ! ಕೆಲಸದ ನಡುವೆ ಕರೆಯಬಾರದು ಅಂತ ಬೆಳಗಿನಿಂದ ತಡೆದುಕೊಂಡವಳು ನಾನು.

"ಏಳ್ರಿ," ಅಂದೆ.

"ಕಣ್ಣ ಕಾಣವಲ್ದು ನನಗ."

"ನನಗ ಕಾಣ್ತಾವಲ್ಲ. ನೀವು ಹಿಡೀರಿ, ನಾ ದಾರಿ ಹೇಳ್ತೇನಿ."

ಹಾಗೆ ಹೊರಟೆವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗಂಡ, ಕಾಲೆಳೆಯುವ ಹೆಂಡತಿ. "ಎಡಕ್ಕ ಸರೀರಿ, ಎಡಕ್ಕ. ಅಯ್ಯ, ಅದು ಬಲ! ಮೆಟ್ಟಲ ಬಂತು. ಇನ್ನೊಂದು ಐತಿ." ಗೋಡೆಯಾಚೆಯಿಂದ ಪರಿಮಳಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನನಗಂತೂ ನಗೆ ಬಂತು. ಇವರಿಗೂ ಬಂತು. ನಕ್ಕು ನಕ್ಕು ದಾರಿಯ ನಡುವೆ ನಿಂತುಬಿಟ್ಟೆವು. ಆಮೇಲೆ ಬಾಗಿಲ ಹೊರಗೆ ಇವರು, ಒಳಗೆ ನಾನು, ಬಾಗಿಲು ಅರ್ಧ ತೆರೆದೇ. ಬಿದ್ದರೆ ಹಿಡಿಯಬೇಕಲ್ಲ, ಅದಕ್ಕೆ. "ಆತೇನ?" ಅಂತ ಇವರು ಕೇಳುವುದು, "ಇಲ್ಲ" ಅಂತ ನಾನು ಅನ್ನುವುದು. ನಗು ಎಲ್ಲಿಯೋ ಹೋಯಿತು. ಗಂಡನಾದರೇನು, ಇಂಥದಕ್ಕೆಲ್ಲ ಯಾರೂ ಹೊರಗೆ ನಿಂತಿರಬಾರದು.

ಕಣ್ಣು ಸರಿಯಾದಮೇಲೆ ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡಲಿಲ್ಲ. ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿ ಗೂಟಕ್ಕೆ ಹಾಕಿ, ಒಂದು ಲೋಟ ಚಹಾ ಕುಡಿದು ಹಿತ್ತಲಿಗೆ ಇಳಿಯುವುದು. ಹಳೆಯ ಕಬ್ಬಿಣದ ತುಂಡುಗಳ ಮೇಲೆ ಕೈ ಪಳಗಿಸಿದರು. ಮಿಷನ್ನು ಸ್ವಲ್ಪ ಹೊತ್ತಿಗೆ ಕಾದು ಸುಟ್ಟ ವಾಸನೆ ಬರುತ್ತಿತ್ತು. ಆಗ ಅದಕ್ಕೆ ವಿಶ್ರಾಂತಿ ಕೊಡಬೇಕು. ಅದು ಆರುವವರೆಗೆ ಇವರೂ ಒಗೆಯುವ ಕಲ್ಲಿನ ಮೇಲೆ ಕೂತು ಗೋಡೆಗೆ ತಲೆ ಆನಿಸುತ್ತಿದ್ದರು. ಇಡೀ ದಿನ ಬಸ್ಸಿನಲ್ಲಿ ನಿಂತೇ ಇರುವ ಮನುಷ್ಯ. ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು, ಮರುಕ್ಷಣ ಸಿಟ್ಟೂ ಬರುತ್ತಿತ್ತು. ಸುಮ್ಮನೆ ನಾಗಪ್ಪನ ಕಾಲು ಹಿಡಿದಿದ್ದರೆ ಆಗುತ್ತಿರಲಿಲ್ಲವೇ?

ಅಂತೂ ಕಂಬ ಹುಗಿದು, ಪೈಪು ತಂದು, ದೀಪಾವಳಿ ಇನ್ನೊಂದು ವಾರ ಇದೆ ಅನ್ನುವಾಗ ರೇಲಿಂಗು ಎದ್ದು ನಿಂತಿತು. ಹಬ್ಬ ಅಂದಮೇಲೆ ಬಣ್ಣ ಬೇಡವೇ? ಓಣಿಯವರೆಲ್ಲ ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಇವರೂ ಬೆಳ್ಳಿ ಬಣ್ಣದ ಡಬ್ಬಿ ತಂದು, ಬೆಸುಗೆಯ ಮೇಲೆ ಗಟ್ಟಿಯಾಗಿ ಕೂರುವ ಕರಿಯನ್ನು ಸರಿಯಾಗಿ ಕುಟ್ಟಿ ಸಹ ತೆಗೆಯದೆ, ಎರಡು ಸಲ ಬಳಿದರು. ಥಳಥಳ ಹೊಳೆಯಿತು. ಓಣಿಯವರು ಬಂದು ನೋಡಿ ಹೋದರು. ಮಾಸ್ತಿ ಕೂಡ, "ಅಡ್ಡಿಲ್ಲ, ಕಂಡಕ್ಟರ್ ಸಾಹೇಬ್ರು ಕೆಲಸ ಕಲ್ತ್ರು" ಅಂದ. ಇವರ ಮುಖ ನೋಡಬೇಕಿತ್ತು ಆಗ.

"ನಡಿ ಇನ್ನ," ಅಂದರು. "ನಾ ಹಿಡಿಯೂದಿಲ್ಲ. ಹಿಂದ ಬರ್ತೇನಿ ಅಷ್ಟ."

ನಡೆದೆ. ಮೊದಲನೆಯ ಕಂಬ ದಾಟಿದೆ, ಎರಡನೆಯದನ್ನೂ ದಾಟಿದೆ. ಎದೆ ಹಗುರಾಯಿತು. ಇಳಿಜಾರು ಶುರುವಾಗುವಲ್ಲಿ ಮೈಭಾರ ಪೂರ್ತಿ ಕೈಗೆ ಬಿಟ್ಟೆ ನೋಡಿ, ಪೈಪು ಕಂಬದಿಂದ ಕಿತ್ತುಕೊಂಡು ನನ್ನ ಕೈಗೇ ಬಂತು. ಇವರು ಹಿಂದಿನಿಂದ ತಬ್ಬಿ ಹಿಡಿದರು. ಆದರೂ ಇಬ್ಬರೂ ಚಿರೆಕಲ್ಲಿನ ಮೇಲೆ ಕುಕ್ಕರಿಸಿದೆವು. ತೊಡೆಯಲ್ಲಿ ಬೆಂಕಿ ಹೊತ್ತಿದ ಹಾಗಾಯಿತು. ಎಲುಬು ಮತ್ತೆ ಮುರಿಯಿತು ಅಂತಲೇ ಕಿರಿಚಿದೆ.

ಮುರಿದಿರಲಿಲ್ಲ. ಮುರಿದದ್ದು ನನ್ನ ಧೈರ್ಯ. ಅದಾದಮೇಲೆ ಆ ಇಳಿಜಾರಿಗೆ ಕಾಲಿಡುವುದಿಲ್ಲ ಅಂದುಬಿಟ್ಟೆ. ಆಸ್ಪತ್ರೆಯಿಂದ ಬಂದ ಹೊಸತರ ಹಾಗೆ ಮತ್ತೆ ಕೋಣೆಯೊಳಗೆ ಬೇಸಿನ್ನು ಇಟ್ಟುಕೊಂಡೆ. ಇವರು ಬೆಳಿಗ್ಗೆ ಸಂಜೆ ಅದನ್ನು ಎತ್ತಿಕೊಂಡು ಹೋಗಿ ತೊಳೆಯುವುದು, ನಾನು ಗೋಡೆ ಕಡೆ ಮುಖ ಮಾಡಿಕೊಂಡು ಮಲಗುವುದು.

ಸಿಟ್ಟಿನಲ್ಲಿ ಅನ್ನಬಾರದ್ದೆಲ್ಲ ಅಂದೆ. "ಟಿಕೀಟ್ ಹರಿಯೋ ಕೈಗೆ ಬೆಂಕಿ ಕೊಟ್ರ ಇನ್ನೇನ ಆಗ್ತೈತಿ! ನನ್ನ ಕೊಲ್ಲಬೇಕು ಅಂತಿದ್ರ ಆ ಬಾವಿಗೆ ನೂಕ್ರಿ, ಒಂದ ಸಲಕ್ಕ ಮುಗೀತದ."

ಇವರು ಹಿತ್ತಲಿಗೆ ಇಳಿದರು. ಹೋಗಿ ಮಿಷನ್ನಿನ ಮೇಲೆ ಗೋಣಿಚೀಲ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಯಾರಿಗರ ಕೊಟ್ಟುಬಿಡ್ತೇನಿ ಅದನ್ನ" ಅಂದರು. ಆ ದನಿ ಕೇಳಿ ನನಗೆ ಇನ್ನೂ ಸುಸ್ತಾಯಿತು. ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಡ್ಯೂಟಿಗೆ ಹೋದರು. ನಾನು ಸ್ಟ್ಯಾಂಡು ಊರಿಕೊಂಡು ಹಿತ್ತಲ ಜಗುಲಿಯ ತನಕ ಬಂದೆ. ಕಿತ್ತುಬಂದ ಪೈಪನ್ನು ಅಲ್ಲೇ ಗೋಡೆಗೆ ಆನಿಸಿದ್ದರು. ಎಳೆದು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಮಾಡಲಿಕ್ಕೆ ಬೇರೆ ಕೆಲಸವೇನಿತ್ತು ನನಗೆ? ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದರೆ, ಒಳಗೆ ಬೆಸುಗೆ ತಣ್ಣನೆಯ ತಟ್ಟೆಗೆ ಬಿದ್ದ ಪಾಕದ ಹಾಗೆ ಮೇಲೆಮೇಲೇ ಕೂತಿತ್ತು. ಬೆರಳಿನಿಂದ ನೂಕಿದರೆ ಬಿಲ್ಲೆಯಂತೆ ಎದ್ದು ಬಂತು. ಕಬ್ಬಿಣ ಕರಗೇ ಇರಲಿಲ್ಲ. ಬಣ್ಣವೊಂದು ಬಳಿಯದೇ ಇದ್ದಿದ್ದರೆ ಕುರುಡರಿಗೂ ಕಾಣುತ್ತಿತ್ತು.

ಆ ಕಡೆ ಮಾಸ್ತಿಯ ಗಿರಣಿ ಗರಗರ ನಡೆಯುತ್ತಿತ್ತು. ಚಕ್ಕುಲಿ ಹಿಟ್ಟು, ಕಡಬಿನ ಹಿಟ್ಟು, ಊರಿನ ಹಬ್ಬವೆಲ್ಲ ಅವನ ಗಿರಣಿಯಲ್ಲೇ. ನಮ್ಮ ಮನೆಯೊಳಗಿನ ಬಲ್ಬು ಕೆಂಪಗೆ ಕುಂಬಳಬೀಜದಷ್ಟು ಉರಿಯುತ್ತಿತ್ತು. ಯಾರೋ ಹಿಟ್ಟು ಹಾಕಿಸಿಕೊಂಡು ಹೋದರು ಕಾಣುತ್ತದೆ, ಗಿರಣಿ ನಿಂತಿತು. ಬಲ್ಬು ಝಗ್ಗನೆ ಬೆಳಗಿತು. ಗಿರಣಿ ಮತ್ತೆ ಹೊರಟಿತು, ಬಲ್ಬು ಮತ್ತೆ ಕೆಂಪಾಯಿತು. ಶ್ರಾವಣದಿಂದ ಇಲ್ಲೇ ಕೂತು ಇದನ್ನೇ ನೋಡುತ್ತಿದ್ದೆನಲ್ಲ, ಇಷ್ಟು ದಿನ ತಲೆಗೆ ಹೋಗಿರಲಿಲ್ಲ. ಇವರು ರೇಲಿಂಗು ಮಾಡುವಾಗ ಒಂದು ಸಂಜೆ ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ಹರಿದು ಅದು ನಿಂತೇ ಇತ್ತು. ಆ ಸಂಜೆ ಮಿಷನ್ನಿನ ಸದ್ದೇ ಬೇರೆಯಾಗಿತ್ತು, ರಾಡು ಒಂದು ಸಲವೂ ಅಂಟಿರಲಿಲ್ಲ.

ಸಂಜೆ ಇವರು ಬಂದು ಅಂಗಿ ಬಿಚ್ಚುವುದರೊಳಗೆ ಕೇಳಿದೆ. "ಮಾಸ್ತಿ ಪಟ್ಟಾ ಹರಿದ ದಿನ ನೀವು ಯಾವ ಕಂಬಕ್ಕ ಹಚ್ಚಿದ್ರಿ?"

"ಯಾವುದೋ. ಕಡೀದು ಕಾಣಸ್ತೈತಿ, ಸಂಡಾಸದ ಬಾಗಲಾ ಮುಂದಿಂದು."

"ಹೋಗಿ ಅದನ್ನ ಜಗ್ಗಿ ಬರ್ರಿ."

"ಲೇ, ಈಗರ ಬಂದೇನಿ, ಸ್ವಲ್ಪ ಕೂಡ್ಲಿಕ್ಕೆ ಬಿಡು."

"ಹೋಗ್ರಿ ಅಂದ್ರ!"

ಹೋದರು. ಜಗ್ಗಿದರು, ಒದ್ದರು. ಸುತ್ತಿಗೆ ತಂದು ಹೊಡೆದರು. ಆ ಕಂಬದ ಪೈಪು ಮಿಸುಕಲಿಲ್ಲ. ಉಳಿದವು ಎರಡೆರಡು ಏಟಿಗೆ ಕಳಚಿ ಬಿದ್ದವು. ಬಂದು ನನ್ನ ಕಾಲ ಹತ್ತಿರ ಜಗುಲಿಯ ಮೇಲೆ ಕೂತರು.

"ಗಿರಣಿ ನಡದಾಗ ಕರೆಂಟ್ ಸಾಲಂಗಿಲ್ಲ ಹಂಗಾರ," ಅಂದರು.

"ನಿಮ್ಮ ಕೈಯಾಗ ತಪ್ಪಿಲ್ಲ," ಅಂದೆ. ಹಿಂದಿನ ದಿನ ಆಡಿದ ಮಾತಿಗೆ ಇಷ್ಟಾದರೂ ಹೇಳಬೇಕಿತ್ತು.

ಆದರೆ ಗಿರಣಿ ನಿಲ್ಲುವುದು ಯಾವಾಗ? ಹಬ್ಬದ ತನಕ ಕತ್ತಲಾಗುವವರೆಗೂ ನಡೆಯುತ್ತದೆ. ಆಮೇಲೆ ಮನೆಮನೆಯ ಲೈಟು, ಆಗಲೂ ಕರೆಂಟು ಇಳಿಯುತ್ತದೆ. ಹಬ್ಬ ಮುಗಿದರೆ ಇವರಿಗೆ ಸ್ಪೆಷಲ್ ಬಸ್ಸಿನ ಡ್ಯೂಟಿ, ಮನೆ ಕಡೆ ಮುಖ ಹಾಕಲಿಕ್ಕಿಲ್ಲ. ಸಿಕ್ಕಿದ್ದು ಅಮಾವಾಸ್ಯೆಯ ಒಂದು ದಿನ ರಜೆ. ಆ ವರ್ಷ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆಯೇ ಸೂರ್ಯಗ್ರಹಣ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುತ್ತದೆ. ಗಿರಣಿ ಇಲ್ಲ, ಮಿಕ್ಸಿಯಿಲ್ಲ, ಬಾವಿಯ ಪಂಪಿಲ್ಲ.

"ಗ್ರಹಣದ ಹೊತ್ತಿನ್ಯಾಗ ಮಾಡ್ರಿ," ಅಂದೆ.

ಇವರು ಬೆಚ್ಚಿಬಿದ್ದರು. "ಹುಚ್ಚ ಹಿಡದೈತೇನ ನಿನಗ? ಗ್ರಹಣದಾಗ ಕಬ್ಬಿಣ ಮುಟ್ಟಬಾರದು ಅಂತಾರ."

"ಅನ್ನೋರು ಅನ್ಲಿ. ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲ ಅಂತ ನಿಮ್ಮವ್ವ ಸಾಯೋ ತನಕ ಹೇಳ್ತಿದ್ಲು. ಗುಡ್ನಾಪುರದಾಗ ನಮ್ಮಪ್ಪ ಗ್ರಹಣದ ದಿನ ಹೊಲಕ್ಕ ಗಳೆ ಹೂಡ್ತಿದ್ದ. ನಿಮಗ ಇವತ್ತ ಎಲ್ಲಿಂದ ಬಂತು ಸೂತಕ?"

"ನಿನ್ನ ಕಾಲಿಗೆ ಮತ್ತೇನರ ಆದ್ರ?"

ಅದು ಅವರ ಭಯ. "ಆಗೂದೆಲ್ಲ ಆಗಿ ಹೋಗೇತ್ರಿ," ಅಂದೆ. "ಬೇಸಿನ್ ಹೊತ್ತೂ ಹೊತ್ತೂ ನೀವು ಸೋತೀರಿ. ಹೊರಸಿ ಹೊರಸಿ ನಾ ಸೋತೇನಿ. ಇದು ಒಂದ ಸಲ ಮಾಡಿ ನೋಡ್ರಿ. ಆಗಲಿಲ್ಲಂದ್ರ ನಾ ಮತ್ತ ಕೇಳೂದಿಲ್ಲ."

ಅಮಾವಾಸ್ಯೆಯ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಒಲೆಯ ಹೊಗೆಯಿಲ್ಲ, ಗಿರಣಿಯ ಸದ್ದಿಲ್ಲ. ನಮ್ಮ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಇವರು ಬೆಸುಗೆ ಬೀಳುವಲ್ಲೆಲ್ಲ ಬೆಳ್ಳಿ ಬಣ್ಣ ಕೆರೆದು, ಕಬ್ಬಿಣ ಉಜ್ಜಿ ಇಟ್ಟಿದ್ದರು. ನಾನು ಕುರ್ಚಿಯನ್ನು ಇಳಿಜಾರಿನ ಪಕ್ಕಕ್ಕೆ ಹಾಕಿಸಿಕೊಂಡು, ಕೈಗೆ ಒಣ ಗೋಣಿಚೀಲ ಸುತ್ತಿಕೊಂಡು, ಪೈಪನ್ನು ಕಂಬದ ಮೇಲೆ ಒತ್ತಿ ಹಿಡಿದೆ. ಹಿಡಿಯುವವರು ಬೇರೆ ಯಾರಿದ್ದಾರೆ?

"ಕಣ್ಣ ಮುಚ್ಚು," ಅಂದರು.

ಮುಚ್ಚಿದೆ. ರಾಡು ಮುಟ್ಟಿತು. ಕಾದ ಎಣ್ಣೆಗೆ ಭಜಿ ಬಿಟ್ಟ ಹಾಗೆ ಚೊರ್ರ್ ಅಂತ ಒಂದೇ ಸಮನೆ ಸದ್ದು. ಇಷ್ಟು ದಿನ ಅದು ಚಟಪಟ ಅಂದು ಸಾಯುತ್ತಿತ್ತು. ಕಣ್ಣು ಮುಚ್ಚಿದ್ದರೂ ರೆಪ್ಪೆಯ ಒಳಗೆಲ್ಲ ಬೆಳಕು ತುಂಬಿತು. ಪೈಪು ನನ್ನ ಕೈಯಲ್ಲಿ ಬಿಸಿಯಾಗುತ್ತ ಬಂತು. ಇದು ಹಿಡಿಯುತ್ತದೆ ಅಂತ ನನಗೆ ಆಗಲೇ ಅನ್ನಿಸಿತು.

ಗೋಡೆಯಾಚೆಯಿಂದ ಪರಿಮಳಾಳ ದನಿ. "ದೇವಕ್ಕ! ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ! ಗ್ರಹಣ ಹಿಡಿದದೆ, ಒಳಗೆ ಹೋಗಿ!"

"ಹೋಗ್ತೇನ್ರಿ ಪರಿಮಳಾ, ಇದೊಂದು ಮುಗೀಲಿ."

ಅಷ್ಟರಲ್ಲಿ ಅವಳ ಗಂಡನ ತಲೆ ಗೋಡೆಯ ಮೇಲೆ ಕಂಡಿತು. ಬ್ಯಾಂಕಿನಲ್ಲಿ ಕೆಲಸ ಅವರಿಗೆ. ಮೆಲ್ಲಗೆ ಕೇಳಿದರು. "ಶಿವಪುತ್ರಪ್ಪನವರೇ, ಆ ಕಪ್ಪು ಗ್ಲಾಸು ಒಂದು ಗಳಿಗೆ ಕೊಡ್ತೀರಾ? ಸೂರ್ಯನ್ನ ನೋಡುವ ಅಂತ."

ಅವರು ಕೇಳಿದ್ದೇ ತಡ, ಎಲ್ಲಿದ್ದರೋ, ಆಚೆ ಮನೆಯವರು, ಈಚೆ ಮನೆಯವರು, ಮಾಸ್ತಿ ಕೂಡ, ಬಾಗಿಲು ಹಾಕಿಕೊಂಡು ಕೂತವರೆಲ್ಲ ನಮ್ಮ ಬೇಲಿಯ ಹತ್ತಿರ! ಪರಿಮಳಾ ತಮ್ಮ ಹವ್ಯಕ ಮಾತಿನಲ್ಲಿ ಗಂಡನನ್ನು ಗದರಿಸುತ್ತಿದ್ದಳು. "ನಿಂಗ ಒಳಗೆ ಬನ್ನಿ ನೋಡನ. ಆನು ಎಷ್ಟು ಸಲ ಹೇಳವು?"

ಇವರು ಮೆತ್ತನೆಯ ಮನುಷ್ಯ, ಗ್ಲಾಸು ಕೊಡಲಿಕ್ಕೆ ಕೈ ಚಾಚಿಯೇಬಿಟ್ಟರು. ನನಗೆ ರೇಗಿತು. "ಕೊಡಬ್ಯಾಡ್ರಿ! ಗ್ಲಾಸು ಸರಿಸಿದ್ದಕ್ಕ ಇವರ ಕಣ್ಣಿಗೆ ಏನಾಗಿತ್ತು ಎಲ್ಲಾರೂ ನೋಡೀರಿ. ಗಿರಣಿ ಹೊರಡೂದರೊಳಗ ನನ್ನ ಕೆಲಸ ಆಗಬೇಕು. ಹೋಗ್ರಿ, ಟಿವಿಯಾಗ ಬರ್ತೈತಂತ, ಅಲ್ಲಿ ನೋಡ್ರಿ."

ಯಾರೂ ಹೋಗಲಿಲ್ಲ, ಆದರೆ ಸುಮ್ಮನೆ ನಿಂತರು. ಬಿಸಿಲು ಬರಬರುತ್ತ ಮಂಕಾಯಿತು. ಪೇರಲ ಗಿಡದ ಕೆಳಗೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದವು. ಕಾಗೆಗಳು ಸಂಜೆಯಾಯಿತು ಅಂತ ಕೂಗಿದವು. ಇವರು ತಲೆ ಎತ್ತಲಿಲ್ಲ. ಒಂದು ಕಂಬ ಮುಗಿಸಿ, ಮಿಷನ್ನು ಆರಲಿಕ್ಕೆ ಬಿಟ್ಟು, ಬೆವರು ಒರೆಸಿಕೊಂಡು, ಮುಂದಿನ ಕಂಬ. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ಅನ್ನವಿಲ್ಲ. ಸೂತಕವಿಲ್ಲ ಅಂದರೂ ಹೆದರಿಕೆಗೆ ಉಪವಾಸವಿದ್ದರು. ನನಗಾಗಿ ಇದ್ದ ಉಪವಾಸ ಅದು.

ಕೊನೆಯದು ಮುಗಿಯುವಾಗ ಬೆಳಕು ಮತ್ತೆ ಸರಿಯಾಗಿತ್ತು. ಇವರು ಕರಿಯನ್ನೆಲ್ಲ ಕುಟ್ಟಿ ತೆಗೆದರು. ಕೆಳಗೆ ಬೆಸುಗೆ ಸೊಟ್ಟಸೊಟ್ಟಾಗಿತ್ತು, ಆದರೆ ಕಬ್ಬಿಣದೊಳಗೆ ಕಬ್ಬಿಣ ಹೊಕ್ಕಿತ್ತು. ಪೈಪು ಆರಲಿಕ್ಕೆ ಬಿಟ್ಟು, ಆಮೇಲೆ ಸುತ್ತಿಗೆಯಿಂದ ಒಂದೊಂದು ಕಂಬಕ್ಕೂ ಹೊಡೆದರು. ಎರಡೂ ಕೈಯಿಂದ ಜೋತುಬಿದ್ದು ಕಾಲು ಎತ್ತಿದರು. ಖಾಲಿ ಹೊಟ್ಟೆಯ ಆ ಬಡಕಲು ಮೈ ಪೈಪಿಗೆ ಜೋತಾಡುವುದನ್ನು ಓಣಿಯವರೆಲ್ಲ ನೋಡಿದರು.

"ಬಣ್ಣ?" ಅಂದರು ನನ್ನ ಕಡೆ ತಿರುಗಿ.

"ಮುಟ್ಟೀರಿ ಜ್ವಾಕಿ," ಅಂದೆ.

ಗ್ರಹಣ ಬಿಟ್ಟಿತು. ಎಲ್ಲರೂ ಸ್ನಾನಕ್ಕೆ ಓಡಿದರು. ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು. ನಾನು ಕುರ್ಚಿಯಿಂದ ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಮೊದಲಿನಿಂದ ಶುರುಮಾಡಿದೆ. ಇವರು ಹಿಂದೆಯೇ, ಕೈ ಚಾಚಿಕೊಂಡು. ಇಳಿಜಾರು ಬಂತು. ನಿಂತೆ. ದೇಹದ ಭಾರವನ್ನು ಕೈಗೆ ಬಿಡಲಿಕ್ಕೆ ಮನಸ್ಸು ಒಪ್ಪದು. ಶಿವನೇ ಅಂದು ಬಿಟ್ಟೆ. ಪೈಪು ತಡೆಯಿತು. ಮತ್ತೊಂದು ಹೆಜ್ಜೆ, ಮತ್ತೂ ಒಂದು. ಪಾಯಿಖಾನೆಯ ಬಾಗಿಲು ಸಿಕ್ಕಿತು.

ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಪೂರ್ತಿ ಎಳೆದುಕೊಂಡು ಚಿಲಕ ಹಾಕಿದೆ. ಶ್ರಾವಣದಿಂದ ಆ ಚಿಲಕ ಯಾರೂ ಹಾಕಿರಲಿಲ್ಲ, ಇವರಿಗೂ ಮನೆಯಲ್ಲಿದ್ದಷ್ಟು ಹೊತ್ತು ನನ್ನ ಕೂಗಿನ ಮೇಲೇ ಕಿವಿ. ತುಕ್ಕಿಗೆ ಬಿಗಿದುಕೊಂಡಿತ್ತು, ಅಂಗೈಯಿಂದ ಗುದ್ದಬೇಕಾಯಿತು. ಅದು ಸರಿದು ಕೂತ ಸದ್ದು ಕೇಳಿ ನನಗೆ ಅಳು ಬಂತು. ಗೋಡೆಗೆ ಕೈ ಊರಿ ನಿಂತು ಅತ್ತೆ. ಸಂತೋಷಕ್ಕೇ ಅತ್ತೆ, ಬೇರೇನಲ್ಲ.

"ಆತೇನ?" ಹೊರಗಿನಿಂದ ಕೇಳಿದರು.

"ಇಲ್ಲ. ನೀವು ಹೋಗ್ರಿ ಅತ್ತಾಗ. ನಾ ಬರ್ತೇನಿ."

ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ಏನೂ ಕೇಳಲಿಲ್ಲ. ನಾನು ನನಗೆ ಬೇಕಾದಷ್ಟು ಹೊತ್ತು ಒಳಗಿದ್ದೆ.

ಹೊರಗೆ ಬಂದು ನೋಡಿದರೆ ಇವರು ಒಗೆಯುವ ಕಲ್ಲಿನ ಮೇಲೆ ಕೂತು, ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಮುಖದ ತುಂಬ ಮಸಿ. ಶ್ರಾವಣದಿಂದ ಈ ಮನುಷ್ಯ ಒಂದು ಕಿವಿ ತೆರೆದಿಟ್ಟುಕೊಳ್ಳದೆ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲೇ ಕುಂಟುತ್ತ ಹಾದುಹೋದೆ, ಚಿರೆಕಲ್ಲಿಗೆ ನನ್ನ ಕಾಲು ಉಜ್ಜುವ ಸದ್ದಾಯಿತು. ಅವರಿಗೆ ಎಚ್ಚರವಾಗಲಿಲ್ಲ.

ನಾನು ಎಬ್ಬಿಸಲಿಲ್ಲ. ಪೈಪು ಹಿಡಿದುಕೊಂಡು ಒಬ್ಬಳೇ ಮನೆಯೊಳಗೆ ಬಂದು, ಅವರಿಗೆ ಅನ್ನಕ್ಕೆ ಇಟ್ಟೆ.